ಹಕ್ಕು, ಬಾಕಿ, ಹಿಸಾಬು: ನಮಗೆ ಆಗಲೇ ಗೊತ್ತಿರುವ ಅರಬ್ಬಿ

ಈ ದೇಶಕ್ಕೆ ಬಂದು ಹತ್ತು-ಹದಿನೈದು ವರ್ಷ ಆದ ನಮ್ಮವರನ್ನು "ಅರಬ್ಬಿ ಎಷ್ಟು ಬರುತ್ತೆ?" ಅಂತ ಕೇಳಿ ನೋಡಿ. "ಸಲಾಂ, ಶುಕ್ರನ್, ಖಲಾಸ್, ಮಾಫಿ ಮುಷ್ಕಿಲ್. ಅಷ್ಟೇ" ಅಂತ ನಗುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ದುಬೈನಲ್ಲಿ ಕಿರಾಣಿ ಅಂಗಡಿಯವನು ಮಲಯಾಳಂ ಮಾತಾಡುತ್ತಾನೆ, ಟ್ಯಾಕ್ಸಿಯವನು ಉರ್ದು, ಸೈಟಿನ ಫೋರ್‌ಮನ್ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್. ಅರಬ್ಬಿ ಇಲ್ಲದೆ ದಿನ ಕಳೆಯುತ್ತೆ, ವರ್ಷವೂ ಕಳೆಯುತ್ತೆ.

ಆದರೆ ಕಾಗದ ಮುಂದೆ ಬಂದಾಗ ಮಾತು ಬೇರೆ. ಇಲ್ಲಿನ ಸರ್ಕಾರದ ಭಾಷೆ ಅರಬ್ಬಿ. ಕೆಲಸದ ಕರಾರು ಎರಡು ಭಾಷೆಯಲ್ಲಿದ್ದು, ಎರಡರಲ್ಲಿ ವ್ಯತ್ಯಾಸ ಬಂದರೆ ಅರಬ್ಬಿಯಲ್ಲಿ ಏನಿದೆಯೋ ಅದೇ ನಡೆಯುತ್ತೆ. 2016ರಿಂದ ಆಫರ್ ಲೆಟರನ್ನು ಅರಬ್ಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ತಿಳಿಯುವ ಮೂರನೆಯ ಭಾಷೆಯಲ್ಲೂ ಕೊಡುವ ನಿಯಮ ಬಂತು. ಒಳ್ಳೆಯ ನಿಯಮ. ಆಗ ಮಾಡಿದ ಪಟ್ಟಿಯಲ್ಲಿ ಹಿಂದಿ, ಉರ್ದು, ಮಲಯಾಳಂ, ತಮಿಳು, ಬಂಗಾಳಿ, ನೇಪಾಳಿ ಎಲ್ಲ ಇದ್ದವು. ಕನ್ನಡ ಇರಲಿಲ್ಲ. ಹಿಂದಿ ಚೆನ್ನಾಗಿ ಓದಲು ಬಾರದ ನಮ್ಮ ಹುಡುಗರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಅದಕ್ಕೇ ಈ ಬರಹ. ಪಂಡಿತರಾಗೋದು ಬೇಡ. ಸಂಬಳ, ಕಡಿತ, ಸಹಿ, ಅಪಾಯ, ಔಷಧ, ಎಡ, ಬಲ, ಒಂದರಿಂದ ಒಂಬತ್ತು: ಇಷ್ಟಕ್ಕೆ ಒಂದು ನೂರು ಶಬ್ದ ತಲೆಯಲ್ಲಿ ಕೂತರೆ ಸಾಕು. ಕೂರಿಸೋದು ಹೇಗೆ ಅನ್ನೋದೇ ಪ್ರಶ್ನೆ.

ನೆನಪಿಗೆ ಕೊಂಡಿ ಹಾಕೋದು ನಮಗೆ ಹೊಸದಲ್ಲ. ಹೈಸ್ಕೂಲಿನಲ್ಲಿ ಛಂದಸ್ಸಿನ ಎಂಟು ಗಣಗಳನ್ನು "ಯಮಾತಾರಾಜಭಾನಸಲಗಂ" ಅನ್ನೋ ಒಂದೇ ಸಾಲಿನಲ್ಲಿ ಕಟ್ಟಿಕೊಟ್ಟಿದ್ದರು. ಕನ್ನಡ ಮೇಷ್ಟ್ರು ಹೇಳಿದ ಉಳಿದದ್ದೆಲ್ಲ ಮರೆತರೂ ಆ ಸಾಲು ಮರೆತಿಲ್ಲ. ಯಾವ ತಿಂಗಳಿಗೆ 31 ದಿನ ಅಂತ ಮುಷ್ಟಿಯ ಗೆಣ್ಣು ಎಣಿಸೋದೂ ಅದೇ ಉಪಾಯ. ಬಿಕಾಂ ಓದಿದವರಿಗೆ "ಒಳಗೆ ಬಂದದ್ದು ಡೆಬಿಟ್, ಹೊರಗೆ ಹೋದದ್ದು ಕ್ರೆಡಿಟ್" ಅನ್ನೋದು ಇವತ್ತಿಗೂ ನಾಲಿಗೆ ತುದಿಯಲ್ಲಿರುತ್ತೆ. ಭಾಷೆಗೂ ಇದೇ ಕೆಲಸ ಮಾಡುತ್ತೆ.

ಓಪನಿಂಗ್ ಬ್ಯಾಲೆನ್ಸ್

ಲೆಕ್ಕದ ಪುಸ್ತಕ ತೆರೆಯುವಾಗ ಮೊದಲು ಬರೆಯೋದು ಹಿಂದಿನ ವರ್ಷದಿಂದ ಬಂದ ಬಾಕಿ. ಅರಬ್ಬಿ ಕಲಿಯುವಾಗಲೂ ನಾವು ಸೊನ್ನೆಯಿಂದ ಶುರು ಮಾಡೋದಿಲ್ಲ. "ಬಾಕಿ" ಅನ್ನೋ ಶಬ್ದವೇ ಅರಬ್ಬಿ, ಅರ್ಥವೂ ಅದೇ: ಉಳಿದದ್ದು. ನಮ್ಮ ಉತ್ತರ ಕರ್ನಾಟಕದ ಕಡೆ "ಹಿಸಾಬು" ಅಂತೀವಿ. ಇಲ್ಲಿ ಹಿಸಾಬ್ ಅಂದರೆ ಲೆಕ್ಕ, ಬ್ಯಾಂಕಿನ ಖಾತೆ ಕೂಡ. ಲೆಕ್ಕ ಬರೆಯುವವನು ಮುಹಾಸಿಬ್. ತಾರೀಖು ಇಲ್ಲೂ ತಾರೀಖ್. ವಕೀಲ, ಕುರ್ಚಿ, ಸಾಬೂನು, ದುಕಾನು, ಖಾಲಿ, ಹಕ್ಕು, ದಲ್ಲಾಳಿ, ಅಸಲು, ಜವಾಬು, ಹವಾ: ಇವೆಲ್ಲ ಸ್ವಲ್ಪ ದನಿ ಬದಲಾದರೆ ಇಲ್ಲೂ ನಡೆಯುವ ನಾಣ್ಯಗಳೇ. ಎಕ್ಸ್‌ಚೇಂಜಿನ ಬೋರ್ಡಿನ ಮೇಲೆ ಅರಬ್ಬಿಯಲ್ಲಿ "ಸಿರಾಫಾ" ಅಂತ ಇರುತ್ತೆ. ನಮ್ಮೂರ ಸರಾಫ ಬಜಾರಿನ ಸರಾಫನೇ ಅವನು. ಎಟಿಎಂಗೂ ಇಲ್ಲಿ ಸರ್ರಾಫ್ ಅಂತಲೇ ಹೆಸರು.

ಕಟ್ಟಡದ ಬಾಗಿಲಲ್ಲಿ ಒಳಗೆ ಹೋಗೋದಕ್ಕೆ "ದುಖೂಲ್", ಹೊರಗೆ ಬರೋದಕ್ಕೆ "ಖುರೂಜ್" ಅಂತ ಬರೆದಿರುತ್ತಾರೆ. ದುಖೂಲ್ ಮತ್ತು ನಮ್ಮ "ದಾಖಲೆ" ಒಂದೇ ಬೇರು: ಪುಸ್ತಕದ ಒಳಗೆ ಹೋದದ್ದು ದಾಖಲೆ. ಖುರೂಜ್ ಮತ್ತು "ಖರ್ಚು" ಒಂದೇ ಬೇರು: ಜೇಬಿನಿಂದ ಹೊರಗೆ ಹೋದದ್ದು ಖರ್ಚು. ಇದನ್ನು ಒಂದು ಸಲ ತಿಳಿದುಕೊಂಡವರು ಮತ್ತೆ ಒಳಬಾಗಿಲು, ಹೊರಬಾಗಿಲು ಅಂತ ಗೊಂದಲ ಮಾಡಿಕೊಳ್ಳಲ್ಲ.

ಇಷ್ಟೊಂದು ಅರಬ್ಬಿ ಕನ್ನಡಕ್ಕೆ ಬಂದದ್ದು ಗಲ್ಫ್ ವೀಸಾ ಶುರುವಾದ ಮೇಲಲ್ಲ. ಕಲಬುರ್ಗಿಯ ಬಹಮನಿಗಳು, ವಿಜಯಪುರದ ಆದಿಲ್‌ಶಾಹಿಗಳು, ಆಮೇಲೆ ಮೈಸೂರಿನಲ್ಲಿ ಹೈದರ್-ಟಿಪ್ಪು, ಹೈದರಾಬಾದಿನ ನಿಜಾಮರು, ಇವರ ಕಾಲದಲ್ಲಿ ಕಚೇರಿಯ ಭಾಷೆ ಹೆಚ್ಚಾಗಿ ಪಾರ್ಸಿ. ಆ ಪಾರ್ಸಿಯ ಮೂಲಕ ಅರಬ್ಬಿ ಶಬ್ದಗಳು ಕಂದಾಯದ ಕಡತಕ್ಕೆ ಬಂದು, ಅಲ್ಲಿಂದ ರೈತನ ಬಾಯಿಗೆ ಬಂದವು. ತಹಸೀಲ್ದಾರ, ಜಿಲ್ಲೆ, ತಾಲ್ಲೂಕು, ಅರ್ಜಿ, ಜಪ್ತಿ, ಎಲ್ಲ ಹಾಗೇ ಬಂದವು.

ಇಲ್ಲಿಯವರೂ ನಮ್ಮ ಕಡೆಯಿಂದ ಸಾಲ ತಗೊಂಡಿದ್ದಾರೆ. 1966ರವರೆಗೆ ಇಲ್ಲಿ ಓಡುತ್ತಿದ್ದದ್ದು ರೂಪಾಯಿ. ಗಲ್ಫಿಗೆ ಅಂತಲೇ ನಮ್ಮ ರಿಸರ್ವ್ ಬ್ಯಾಂಕು 1959ರಲ್ಲಿ ಬೇರೆ ನೋಟು ಹೊರಡಿಸಿತ್ತು. ದಿರ್ಹಂ ಬಂದದ್ದು 1973ರಲ್ಲಿ. ಹಳೇ ತಲೆಯ ಎಮಿರಾತಿಗಳು ಈಗಲೂ ದಿರ್ಹಮಿಗೆ "ರುಬಿಯ್ಯಾ" ಅಂತಾರೆ, ದುಡ್ಡಿಗೆ "ಬೇಜಾತ್" ಅಂತಾರೆ. ಅದು ನಮ್ಮ ಪೈಸೆ. ದಾರಿ ಕೇಳಿದರೆ "ಸೀದಾ" ಅಂತಾರೆ. ಗುಮಾಸ್ತನಿಗೆ "ಕರಾಣಿ" ಅನ್ನುವುದುಂಟು. ನಮ್ಮ ಹಳೇ ಕರಣಿಕನೇ ಕಣ್ಣ ಮುಂದೆ ಬರುತ್ತಾನೆ.

ಎರಡು ಬೀಗದ ಕೈ

ಗೊತ್ತಿರುವ ಶಬ್ದವೇ ಇಲ್ಲಿಯವರ ಬಾಯಲ್ಲಿ ಬಂದಾಗ ಗುರುತು ಸಿಗೋದಿಲ್ಲ. ಅದಕ್ಕೆ ಎರಡು ಕೀಲಿಕೈ ಇಟ್ಟುಕೊಳ್ಳಿ.

ಮೊದಲನೆಯದಕ್ಕೆ "ರಂಜಾನ್ ಕೀಲಿ" ಅನ್ನೋಣ. ನಾವು ರಂಜಾನ್ ಅನ್ನೋದನ್ನು ಇಲ್ಲಿ ರಮದಾನ್ ಅಂತಾರೆ, ಇದು ಎಲ್ಲರಿಗೂ ಗೊತ್ತು. ಅರಬ್ಬಿಯಲ್ಲಿ ಗಟ್ಟಿ "ದ"ದಂಥ ಒಂದು ಅಕ್ಷರ ಇದೆ. ಅದು ಪಾರ್ಸಿ-ಉರ್ದು ದಾಟಿ ನಮ್ಮಲ್ಲಿಗೆ ಬರುವಾಗ "ಜ" ಆಗಿಬಿಟ್ಟಿದೆ. ಹಾಗಾಗಿ ನಮ್ಮ ಹಾಜರು ಇಲ್ಲಿ ಹಾದಿರ್. ರಾಜಿ ಇಲ್ಲಿ ರಾದಿ (ಒಪ್ಪಿಗೆಯಾದವನು, ತೃಪ್ತ). ಖಾಜಿ ಇಲ್ಲಿ ಕಾದಿ (ನ್ಯಾಯಾಧೀಶ). ಜಪ್ತಿ ಇಲ್ಲಿ ದಬ್ತ್. ಜಾಮೀನು ಕೊಡುವವನು ದಾಮಿನ್, ಭದ್ರತೆ ಅಥವಾ ಖಾತರಿ ಅಂದರೆ ದಮಾನ್. ಅಬುಧಾಬಿಯ ದಮಾನ್ ಆರೋಗ್ಯ ವಿಮೆಯ ಹೆಸರು ಇದೇ. ಅರ್ಜಿಯ ಮೂಲ ಅರ್ದ್. ನಾವು ಮುಂದಿಟ್ಟರೆ ಅರ್ಜಿ, ಅವರು ಮುಂದಿಟ್ಟರೆ ಅರ್ದ್: ಆಫರ್ ಲೆಟರಿಗೆ "ಅರ್ದ್ ಅಮಲ್" ಅಂತಾರೆ. ಅಮಲ್ ಅಂದರೆ ಕೆಲಸ. ನಮ್ಮ ಹಳೇ ಮೈಸೂರಿನ ಅಮಲ್ದಾರರ ಅಮಲು.

ಎರಡನೆಯದು "ಬಾಲದ ಕೀಲಿ". ನಮ್ಮ ಶಬ್ದದ ಕೊನೆಯಲ್ಲಿ "ತ್ತು" ಇದ್ದರೆ ಅದನ್ನು ಕತ್ತರಿಸಿ "ಆ" ಸೇರಿಸಿ ನೋಡಿ. ತಾಕತ್ತು ಇಲ್ಲಿ ತಾಕಾ. ದೌಲತ್ತು ಇಲ್ಲಿ ದೌಲಾ. ನಮ್ಮಲ್ಲಿ ದೌಲತ್ತು ಅಂದರೆ ಜಂಬ, ಇಲ್ಲಿ ದೌಲಾ ಅಂದರೆ ದೇಶ, ರಾಜ್ಯ. ಕಿಮ್ಮತ್ತು ಇಲ್ಲಿ ಕೀಮಾ. 2018ರ ಜನವರಿಯಿಂದ ನಾವು ಕೊಡುತ್ತಿರುವ ಶೇ 5ರ ವ್ಯಾಟ್‌ಗೆ ಅರಬ್ಬಿ ಬಿಲ್ಲಿನಲ್ಲಿ ಇರುವ ಹೆಸರಿನಲ್ಲಿ ಈ ಕೀಮಾ ಇದೆ: ಸೇರಿಸಿದ ಕಿಮ್ಮತ್ತಿನ ಮೇಲಿನ ತೆರಿಗೆ. ಎರಡೂ ಕೀಲಿ ಒಟ್ಟಿಗೆ ಬೇಕಾದ ಶಬ್ದವೂ ಇದೆ: ಜರೂರತ್ತು ಇಲ್ಲಿ ದರೂರಾ. ಒಂದೇ ಎಚ್ಚರಿಕೆ, ಷರತ್ತಿಗೆ ಈ ಕತ್ತರಿ ಹಾಕಬೇಡಿ. ಅದರ ತಕಾರ ಬಾಲ ಅಲ್ಲ, ಮೈಯೇ ಹೌದು. ಇಲ್ಲಿ ಅದು ಶರ್ತ್.

ವೇಷ ಅದೇ, ಅರ್ಥ ಬೇರೆ

ಕೆಲವು ಶಬ್ದಗಳು ನಮ್ಮವರ ಥರವೇ ಕಾಣುತ್ತವೆ, ಆದರೆ ಇಲ್ಲಿ ಬೇರೆ ಕೆಲಸ ಮಾಡುತ್ತವೆ. ಕರಾರು ಅಂದರೆ ನಮ್ಮಲ್ಲಿ ಒಪ್ಪಂದ. ಇಲ್ಲಿ ಕರಾರ್ ಅಂದರೆ ನಿರ್ಧಾರ, ಆದೇಶ. ಒಪ್ಪಂದಕ್ಕೆ ಇಲ್ಲಿ "ಅಕ್ದ್". ರದ್ದು ಅಂದರೆ ನಮ್ಮಲ್ಲಿ ಕ್ಯಾನ್ಸಲ್. ಇಲ್ಲಿ ರದ್ದ್ ಅಂದರೆ ಉತ್ತರ. ಕ್ಯಾನ್ಸಲ್‌ಗೆ "ಇಲ್ಗಾ". ವೀಸಾ ವಿಷಯದಲ್ಲಿ ಈ ಎರಡನ್ನು ಬೇರೆಬೇರೆ ಇಟ್ಟುಕೊಳ್ಳಿ. ನಕಲು ಅಂದರೆ ಕಾಪಿ ಅಂದುಕೊಂಡರೆ, ಇಲ್ಲಿ ನಕ್ಲ್ ಅಂದರೆ ಸಾಗಾಟ. ಲಾರಿಗಳ ಮೇಲೆ ಬರೆದಿರುತ್ತೆ. ಗರೀಬ ಅಂದರೆ ನಮ್ಮಲ್ಲಿ ಬಡವ, ಇಲ್ಲಿ ಪರಸ್ಥಳದವನು, ವಿಚಿತ್ರವಾದದ್ದು. ತಾಕೀತು ಅಂದರೆ ನಮ್ಮಲ್ಲಿ ಬೈದು ಎಚ್ಚರಿಸೋದು. ಇಲ್ಲಿ ತಅಕೀದ್ ಅಂದರೆ ಖಚಿತಪಡಿಸೋದು, ಕನ್ಫರ್ಮ್. ಇಂಥವನ್ನು ಜೋಡಿಯಾಗೇ ನೆನಪಿಡಬೇಕು, ಒಂಟಿಯಾಗಿ ಅಲ್ಲ.

ಕೊಂಡಿಯೇ ಇಲ್ಲದ ಶಬ್ದಗಳಿಗೆ

ಹಳೇ ಪರಿಚಯ ಇಲ್ಲದ ಶಬ್ದಕ್ಕೆ ನಾವೇ ಒಂದು ಕೊಂಡಿ ಮಾಡಬೇಕು. ಶಬ್ದದ ದನಿಯಲ್ಲಿ ಒಂದು ಕನ್ನಡ ಶಬ್ದ ಹುಡುಕಿ, ಅದನ್ನೂ ಅರ್ಥವನ್ನೂ ಸೇರಿಸಿ ಒಂದು ಚಿತ್ರ ಕಟ್ಟೋದು. ಇದನ್ನು 1975ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಅಟ್ಕಿನ್ಸನ್ ಮತ್ತು ಮೈಕೆಲ್ ರಾ ಪರೀಕ್ಷೆ ಮಾಡಿ ನೋಡಿದರು. ಸ್ಪ್ಯಾನಿಷ್‌ನಲ್ಲಿ "ಪಾತೋ" ಅಂದರೆ ಬಾತುಕೋಳಿ. ಇಂಗ್ಲಿಷಿನವರಿಗೆ ಅವರು ಹೇಳಿಕೊಟ್ಟದ್ದು: ತಲೆ ಮೇಲೆ ಪಾಟ್, ಅಂದರೆ ಮಡಕೆ, ಬೋರಲು ಹಾಕಿಕೊಂಡ ಬಾತುಕೋಳಿ. ನಮಗಂತೂ ಬಾತು-ಪಾತೋ, ಮಡಕೆಯೂ ಬೇಡ. ರಷ್ಯನ್ ಭಾಷೆಯ 120 ಶಬ್ದಗಳನ್ನು ಮೂರು ದಿನದಲ್ಲಿ ಕಲಿಸಿ ಪರೀಕ್ಷೆ ಮಾಡಿದಾಗ, ಕೊಂಡಿ ಹಾಕಿ ಕಲಿತವರಿಗೆ ಶೇ 72ರಷ್ಟು ನೆನಪಿತ್ತು. ತಮಗೆ ತೋಚಿದ ಹಾಗೆ ಕಲಿತವರಿಗೆ ಶೇ 46.

ನಾನು ಮತ್ತು ಗೆಳೆಯರು ಕಟ್ಟಿಕೊಂಡ ಕೆಲವು ಕೊಂಡಿಗಳು ಇಲ್ಲಿವೆ:

ಯಮೀನ್ ಅಂದರೆ ಬಲ, ಯಸಾರ್ ಅಂದರೆ ಎಡ. ಊಟಕ್ಕೆ ಕೂತಿದ್ದೀರಿ. ಬಲಗೈಯಲ್ಲಿ ಮೀನು ತಿಂತಾ, ಎಡಗೈಯಿಂದ ಸಾರು ಬಡಿಸಿಕೊಳ್ತಾ ಇದ್ದೀರಿ. ಯ-ಮೀನು ಬಲ, ಯ-ಸಾರು ಎಡ. ಡ್ರೈವರ್‌ಗಳಿಗೆ ಇದೊಂದೇ ಸಾಕು.

ಮಾಯ್ ಅಂದರೆ ನೀರು. ಮರಳಿನಲ್ಲಿ ಸುರಿದ ನೀರು ಮಾಯ.

ಬಾಬ್ ಅಂದರೆ ಬಾಗಿಲು. ಬಾಗಿಲಲ್ಲಿ ನಿಂತು ಅಜ್ಜಿ "ಬಾ, ಬಾ" ಅಂತಿದ್ದಾಳೆ.

ರಾತಿಬ್ ಅಂದರೆ ಸಂಬಳ. ರಾತ್ರಿ ಮಲಗಿದ್ದಾಗ ಸಂಬಳ ಬಂತು ಅಂತ ಮೊಬೈಲ್ ಕುಂಯ್ ಅಂತು.

ಖಸ್ಮ್ ಅಂದರೆ ಕಡಿತ. ಸಂಬಳದಿಂದ ಕಸ ಗುಡಿಸಿದ ಹಾಗೆ ತೆಗೆದುಬಿಟ್ಟರು. ಅಂಗಡಿಯಲ್ಲಿ ಇದೇ ಖಸ್ಮ್ ರಿಯಾಯಿತಿ. ಅಲ್ಲಿ ಕಂಡರೆ ಖುಷಿ, ಸಂಬಳದ ಚೀಟಿಯಲ್ಲಿ ಕಂಡರೆ ಕೇಳಬೇಕು.

ಅಕ್ದ್ ಅಂದರೆ ಒಪ್ಪಂದ. ಮದುವೆಯೂ ಒಪ್ಪಂದವೇ, ಅದಕ್ಕೂ ಇದೇ ಶಬ್ದ. ಒಪ್ಪಂದದ ಕಾಗದದ ಮೇಲೆ ಅಕ್ಕಿಕಾಳು ಹಾಕಿದ ಹಾಗೆ ಊಹಿಸಿ.

ತೌಕೀಅ್ ಅಂದರೆ ಸಹಿ. ತೂಕ ಮಾಡಿ ನೋಡದೆ ಸಹಿ ಹಾಕಬಾರದು.

ಮಮ್ನೂಅ್ ಅಂದರೆ ನಿಷೇಧ. ಮಮ್ಮಿ "ನೋ" ಅಂದಳು. ಖತರ್ ಅಂದರೆ ಅಪಾಯ, ಇದಕ್ಕೆ ಕೊಂಡಿ ಬೇಡ, ಖತರ್ನಾಕ್ ಅನ್ನೋದು ಎಲ್ಲರಿಗೂ ಗೊತ್ತು.

ದವಾ ಅಂದರೆ ಔಷಧ, ನಮ್ಮ ದವಾಖಾನೆ. ಅಕ್ಲ್ ಅಂದರೆ ಊಟ, ಅಕ್ಕಿ ನೆನೆಸಿಕೊಳ್ಳಿ. ಕಬ್ಲ್ ಅಂದರೆ ಮುಂಚೆ, ಬಅದ್ ಅಂದರೆ ಆಮೇಲೆ. ಕಬ್ಬು ಮುಂಚೆ, ಸಕ್ಕರೆ ಆಮೇಲೆ. ಮಾತ್ರೆ "ಕಬ್ಲ್ ಅಲ್ ಅಕ್ಲ್" ಅಂದರೆ ಊಟಕ್ಕೆ ಮುಂಚೆ, "ಬಅದ್ ಅಲ್ ಅಕ್ಲ್" ಅಂದರೆ ಊಟ ಆದಮೇಲೆ.

ನೋಡಿ, ಇವು ನಮ್ಮ ಕೊಂಡಿಗಳು. ಮೀನು ತಿನ್ನದವರಿಗೆ ಯಮೀನ್ ಚಿತ್ರ ಹಿಡಿಸದೇ ಇರಬಹುದು. ನೀವೇ ಕಟ್ಟಿದ್ದು, ಅದರಲ್ಲೂ ಸ್ವಲ್ಪ ಪೆದ್ದುಪೆದ್ದಾಗಿ ಇದ್ದದ್ದು, ಹೆಚ್ಚು ದಿನ ಉಳಿಯುತ್ತೆ. ಕೊಂಡಿ ಶಬ್ದದ ಹತ್ತಿರ ಕರೆದುಕೊಂಡು ಹೋಗುತ್ತೆ, ಉಚ್ಚಾರಣೆ ಕಲಿಸೋದಿಲ್ಲ. ಗಂಟಲಿನಿಂದ ಬರುವ ಅಕ್ಷರಗಳನ್ನು ಅರಬ್ಬಿಯವರ ಬಾಯಿಂದಲೇ ಕೇಳಿ ತಿದ್ದಿಕೊಳ್ಳಬೇಕು. ಬ್ಯಾರಿ ಗೆಳೆಯರೋ ಭಟ್ಕಳದ ಗೆಳೆಯರೋ ಪಕ್ಕದಲ್ಲಿದ್ದರೆ ಕೇಳಿ, ಚಿಕ್ಕಂದಿನಲ್ಲಿ ಮದ್ರಸಾದಲ್ಲಿ ಕಲಿತವರಿಗೆ ಆ ಅಕ್ಷರಗಳು ಚೆನ್ನಾಗಿ ಗೊತ್ತಿರುತ್ತವೆ.

ಏಳು, ಎಂಟು

ಅಕ್ಷರ ಬಾರದಿದ್ದರೂ ಅಂಕಿ ಕಲಿಯಲೇಬೇಕು. ಒಂದು ಮಧ್ಯಾಹ್ನದ ಕೆಲಸ. ಒಂದು ಮತ್ತು ಒಂಬತ್ತು ನಮಗೆ ಗೊತ್ತಿರುವ ಇಂಗ್ಲಿಷ್ ಅಂಕಿಯ ಹಾಗೇ ಇವೆ. ನಾಲ್ಕು ಅಂದರೆ ಇಂಗ್ಲಿಷ್ 3 ಕನ್ನಡಿಯಲ್ಲಿ ಕಂಡ ಹಾಗೆ. ಐದು ಒಂದು ಉಂಗುರ, ಸೊನ್ನೆ ಅಂತ ಮೋಸ ಹೋಗಬೇಡಿ. ಐದು ಬೆರಳು ಮಡಚಿದರೆ ಮುಷ್ಟಿ ಗುಂಡಗೆ, ಅದೇ ಐದು. ನಿಜವಾದ ಸೊನ್ನೆ ಬರೀ ಚುಕ್ಕೆ. ಆರು ನೋಡಲು ಇಂಗ್ಲಿಷ್ 7ರ ಹಾಗೆ, ಹಣದ ವಿಷಯದಲ್ಲಿ ಇದನ್ನು ಎರಡು ಸಲ ನೋಡಿ. ಏಳು ಅಂದರೆ ಎರಡು ಕೈ ಮೇಲೆತ್ತಿದ ಆಕಾರ: "ಏಳು, ಏಳು!" ಅಂತ ಎಬ್ಬಿಸುತ್ತಿದ್ದಾರೆ. ಎಂಟು ಅದನ್ನೇ ಬೋರಲು ಹಾಕಿದ್ದು: ಎಂಟು-ಟೆಂಟು, ಮರುಭೂಮಿಯ ಡೇರೆ. ಅಕ್ಷರ ಬಲದಿಂದ ಎಡಕ್ಕೆ ಓಡಿದರೂ ಸಂಖ್ಯೆ ನಮ್ಮ ಹಾಗೆ ಎಡದಿಂದ ಬಲಕ್ಕೇ ಓದಬೇಕು. ಅಭ್ಯಾಸಕ್ಕೆ ದುಡ್ಡು ಖರ್ಚಿಲ್ಲ: ಜೇಬಿನಲ್ಲಿರುವ 50 ಫಿಲ್ಸ್ ನಾಣ್ಯ ತೆಗೆದು ನೋಡಿ, ಒಂದು ಉಂಗುರ, ಪಕ್ಕದಲ್ಲಿ ಒಂದು ಚುಕ್ಕೆ.

ಮರೆವಿನ ಬಾಬತ್ತು

ಸ್ಟ್ಯಾನ್‌ಫರ್ಡಿನ ಆ ಪರೀಕ್ಷೆಯನ್ನೇ ಆರು ವಾರ ಬಿಟ್ಟು ಮತ್ತೆ ಮಾಡಿದಾಗ, ಕೊಂಡಿ ಹಾಕಿದವರ ನೆನಪು ಶೇ 72ರಿಂದ 43ಕ್ಕೆ ಇಳಿದಿತ್ತು, ಇನ್ನೊಬ್ಬರದು 46ರಿಂದ 28ಕ್ಕೆ. ಅಂದರೆ ಕೊಂಡಿ ಎಷ್ಟೇ ಗಟ್ಟಿ ಇರಲಿ, ನಡುನಡುವೆ ಎಳೆದು ನೋಡದಿದ್ದರೆ ಸಡಿಲ ಆಗುತ್ತೆ. ಇದಕ್ಕೆ ಸೆಬಾಸ್ಟಿಯನ್ ಲೈಟ್ನರ್ ಅನ್ನೋ ಪತ್ರಕರ್ತ 1972ರಲ್ಲಿ ಒಂದು ಜರ್ಮನ್ ಪುಸ್ತಕದಲ್ಲಿ ಪೆಟ್ಟಿಗೆಯ ಉಪಾಯ ಬರೆದಿದ್ದಾನೆ. ನಮ್ಮ ರೂಮಿಗೆ ಹೊಂದುವ ಹಾಗೆ ಹೇಳುತ್ತೇನೆ. ಮೂರು ಖಾಲಿ ಟೀಪುಡಿ ಡಬ್ಬಿ ಇಟ್ಟುಕೊಳ್ಳಿ. ಚೀಟಿಯ ಒಂದು ಕಡೆ ಅರಬ್ಬಿ ಶಬ್ದ ಕನ್ನಡ ಅಕ್ಷರದಲ್ಲಿ, ಇನ್ನೊಂದು ಕಡೆ ಅರ್ಥ. ಹೊಸ ಚೀಟಿ ಮೊದಲ ಡಬ್ಬಿಗೆ, ಅದನ್ನು ದಿನಾ ನೋಡಬೇಕು. ಸರಿ ಹೇಳಿದರೆ ಎರಡನೇ ಡಬ್ಬಿಗೆ, ಅದು ಮೂರು ದಿನಕ್ಕೊಮ್ಮೆ. ಮತ್ತೆ ಸರಿ ಹೇಳಿದರೆ ಮೂರನೇದಕ್ಕೆ, ಅದು ಶುಕ್ರವಾರ ಶುಕ್ರವಾರ. ತಪ್ಪಿದರೆ ವಾಪಸ್ ಮೊದಲ ಡಬ್ಬಿಗೆ. ದಿನಕ್ಕೆ ಐದೇ ಶಬ್ದ. ಮುಸಫಾದಿಂದಲೋ ಸೋನಾಪುರದಿಂದಲೋ ಸೈಟಿಗೆ ಹೋಗುವ ಬಸ್ಸಿನಲ್ಲಿ ಹತ್ತು ನಿಮಿಷ ಸಾಕು. ಇಪ್ಪತ್ತು ದಿನಕ್ಕೆ ನೂರು ಶಬ್ದ.

ಇದರಿಂದ ಏನು ಸಿಗುತ್ತೆ ಅಂದಿರಾ? ಗದಗ ಕಡೆಯ ಒಬ್ಬ ಹುಡುಗ, ಫಿಟರ್ ಕೆಲಸ, ವಾರಕ್ಕೊಮ್ಮೆ ನಮ್ಮ ಜೊತೆ ಕೂತು ಈ ಚೀಟಿ ಆಟ ಆಡುತ್ತಿದ್ದ. ಒಂದು ಸಣ್ಣ ಕಂಪನಿ, ಹೆಸರು ಬೇಡ. ಕೆಲಸ ಬಿಟ್ಟು ಊರಿಗೆ ಹೊರಟಾಗ ಅವನಿಗೆ ಎರಡು ತಿಂಗಳ ಸಂಬಳ ಬರಬೇಕಿತ್ತು. ಒಂದು ಅರಬ್ಬಿ ಕಾಗದ ಮುಂದಿಟ್ಟು "ವೀಸಾ ಕ್ಯಾನ್ಸಲ್‌ಗೆ, ಸಹಿ ಹಾಕು" ಅಂದರು. ಅವನಿಗೆ ಅರಬ್ಬಿ ಓದಲು ಬರೋದಿಲ್ಲ. "ಒಂದ್ ಸಲ ಓದಿ ಹೇಳ್ರಿ" ಅಂತ ಕೇಳಿದ. ಟೈಪಿಂಗ್ ಮಾಡುವವನು ಗಡಗಡ ಓದಿದ. ಅದರಲ್ಲಿ "ಜಮೀಅ್ ಹುಕೂಕಿ" ಅನ್ನೋದು ಇವನ ಕಿವಿಗೆ ಬಿತ್ತು. ಜಮೀಅ್ ಅಂದರೆ ಎಲ್ಲ. ನಮ್ಮ "ಜಮಾ"ದ ಬೇರು. ಹುಕೂಕ್ ಅಂದರೆ ಹಕ್ಕುಗಳು. ನನ್ನ ಹಕ್ಕಿನ ಹಣ ಎಲ್ಲ ಬಂದಿದೆ ಅಂತ ಬರೆದ ಕಾಗದ ಅದು.

"ಅಣ್ಣಾರ, ನಂಗ ಬ್ಯಾರೆ ಏನೂ ತಿಳೀಲಿಲ್ಲ. ಹಕ್ಕು ಅಂದದ್ದು ತಿಳೀತು. 'ಹುಕೂಕ್ ತಮಾಮ್ ಅಂತೀರಿ, ರಾತಿಬ್ ಬಾಕಿ ಐತಲ್ಲ?' ಅಂದೆ. ಅವ ತಲಿ ಎತ್ತಿ ನೋಡಿದ" ಅಂತ ಆಮೇಲೆ ಹೇಳಿದ.

ಅವನು ಸಹಿ ಹಾಕಲಿಲ್ಲ. ಸಂಬಳ ಬ್ಯಾಂಕಿಗೆ ಬರಲಿ, ಆಮೇಲೆ ಹಾಕುತ್ತೇನೆ ಅಂದ. ಒಂಬತ್ತು ದಿನಕ್ಕೆ ಬಂತು. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನ ಪ್ರಕಾರ ಕರಾರು ಮುಗಿದ 14 ದಿನದೊಳಗೆ ಬರಬೇಕಾದದ್ದೆಲ್ಲ ಕೊಡಬೇಕು. ಒಂದು ವರ್ಷ ತುಂಬಿದವರಿಗೆ ಗ್ರಾಚ್ಯುಟಿ ಬೇರೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಅದರ ಮೇಲಿನ ವರ್ಷಗಳಿಗೆ 30 ದಿನದ್ದು. ಕಾನೂನು ಅವನ ಪರವಾಗಿಯೇ ಇತ್ತು. ಆದರೆ "ಎಲ್ಲ ಬಂದಿದೆ" ಅಂತ ಸಹಿ ಹಾಕಿಬಿಟ್ಟಿದ್ದರೆ ಆಮೇಲೆ ಬಂದಿಲ್ಲ ಅಂತ ತೋರಿಸೋದು ಎಷ್ಟು ಕಷ್ಟ ಅಂತ ಲೆಕ್ಕಪತ್ರ ನೋಡುವವರಿಗೆ ಗೊತ್ತು.

ನೂರು ಶಬ್ದ ಕಲಿತ ಮಾತ್ರಕ್ಕೆ ಕರಾರು ಓದಲು ಬರೋದಿಲ್ಲ, ಅದು ನಿಜ. ದೊಡ್ಡ ಕಾಗದ ಇದ್ದರೆ ಬಲ್ಲವರಿಂದ ಓದಿಸಿ, ಬೇಕಾದರೆ ಭಾಷಾಂತರ ಮಾಡಿಸಿ. ಆದರೆ ಎಲ್ಲಿ ನಿಲ್ಲಬೇಕು, ಏನು ಕೇಳಬೇಕು ಅನ್ನೋದು ಆ ನೂರು ಶಬ್ದದಿಂದ ತಿಳಿಯುತ್ತೆ.

ಇವತ್ತು ರಾತ್ರಿ ಐದು ಚೀಟಿಯಿಂದ ಶುರು ಮಾಡಿ: ರಾತಿಬ್, ಖಸ್ಮ್, ತೌಕೀಅ್, ಹುಕೂಕ್, ಬಾಕಿ. ಕೊನೆಯ ಎರಡು ನಿಮಗೆ ಆಗಲೇ ಬರುತ್ತವೆ. ನಿಮ್ಮ ನಿಮ್ಮ ರೂಮಿನಲ್ಲಿ ಹುಟ್ಟಿದ ಕೊಂಡಿಗಳನ್ನು ಈ ಪತ್ರಿಕೆಗೆ ಬರೆದು ಕಳಿಸಿ. ನೂರು ಸೇರಿದರೆ ಎಲ್ಲ ಒಟ್ಟಿಗೆ ಅಚ್ಚು ಹಾಕಿಸಿ, ಊರಿಂದ ಹೊಸದಾಗಿ ಬರುವ ಹುಡುಗರ ಕೈಗೆ ಕೊಡೋಣ.